ಸರಸ್ವತಿಯ ಕೆಳಗಿದ್ದ ಮ್ಯಾನ್ಯುಯಲ್

'ಅರ್ಥವಾಗಲಿಲ್ಲ' ಎಂದು ಕೈಯೆತ್ತಿ ಹೇಳುವುದಕ್ಕೂ ಒಂದು ವಯಸ್ಸಿದೆ. ಆರು ವರ್ಷದ ಮಗು ಹೇಳಿದರೆ ಟೀಚರು ಮುದ್ದು ಮಾಡುತ್ತಾರೆ. ಇಪ್ಪತ್ತರ ಹುಡುಗಿ ಹೇಳಿದರೆ ಹಿಂದಿನ ಬೆಂಚಿನವರು ನಗುತ್ತಾರೆ. ಅರವತ್ತು ದಾಟಿದವಳು ಹೇಳಿದರೆ ಮಾತ್ರ ಯಾರೂ ನಗುವುದಿಲ್ಲ. ಪಾಪ, ಕಿವಿ ಕೇಳಿಸಲಿಲ್ಲವೆಂದುಕೊಂಡು ಅದೇ ವಾಕ್ಯವನ್ನು ಇನ್ನೂ ಜೋರಾಗಿ ಹೇಳುತ್ತಾರೆ. ಅರ್ಥವಾಗದ ಮಾತು ಜೋರಾಗಿ ಕೇಳಿಸಿದರೆ ಇನ್ನೂ ಕಡಿಮೆ ಅರ್ಥವಾಗುತ್ತದೆ ಎಂಬುದು ನನ್ನ ಅನುಭವ. ಹಾಗಾಗಿ ಈ ವಯಸ್ಸಿನಲ್ಲಿ ಕಾಲೇಜಿಗೆ ಹೋದ ಆ ವರ್ಷ ನಾನು ತರಗತಿಯಲ್ಲಿ ಕೈಯೆತ್ತಲೇ ಇಲ್ಲ. ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ನಮಗೆ ಡಿಪೋರ್ಟ್‌ಮೆಂಟ್, ಅಂದರೆ ನಡೆ ನಿಲುವು, ಕಲಿಸುತ್ತಿದ್ದ ಮದರ್ ಒಬ್ಬರು ಹೇಳುತ್ತಿದ್ದರು: ದಾರಿ ತಪ್ಪಿದಾಗ ಲೇಡಿಯಾದವಳು ಅತ್ತಿತ್ತ ನೋಡಬಾರದು, ಯಾರೋ ತನಗಾಗಿ ಕಾಯುತ್ತಿದ್ದಾರೆ ಎಂಬಂತೆ ನೆಟ್ಟಗೆ ನಡೆಯಬೇಕು. ನಾನು ಹಾಗೆಯೇ ನೆಟ್ಟಗೆ ನಡೆದು ಎಲ್ಲಿಗೆ ತಲುಪಿದೆ ಎಂಬುದೇ ಈ ಪ್ರಬಂಧದ ವಿಷಯ.

ಆಗ ಹೈದರಾಬಾದಿಗೆ ಕಂಪ್ಯೂಟರಿನ ಜ್ವರ ಬಂದಿತ್ತು. ನಾರಾಯಣಗೂಡದ ಒಂದೊಂದು ಲೈಟ್ ಕಂಬವೂ ಯಾರನ್ನೋ ಅಮೆರಿಕಕ್ಕೆ ಕಳಿಸುವ ಭರವಸೆ ಕೊಡುತ್ತಿತ್ತು. ಒಂದೇ ಕಟ್ಟಡದಲ್ಲಿ ಕೆಳಗೆ ಜಾವಾ, ಮೇಲೆ ಒರಾಕಲ್, ಟೆರೇಸಿನ ಮೇಲೆ ತಗಡಿನ ಶೀಟು ಹಾಕಿ ಸ್ಪೋಕನ್ ಇಂಗ್ಲಿಷ್. ಜಗತ್ತೆಲ್ಲ ಏನೋ ಕಲಿಯುತ್ತಿರುವಾಗ ನಾನೊಬ್ಬಳೇ ಮಲ್ಕಾಜ್‌ಗಿರಿಯಲ್ಲಿ ಕೂತು ಹೀರೇಕಾಯಿ ಸಿಪ್ಪೆಯ ಚಟ್ನಿ ಅರೆಯುವುದೇ ಎಂದು ಒಂದು ದಿನ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ಹೊರಟೆ. ಕಂಪ್ಯೂಟರ್ ಸೆಂಟರಿನ ಹುಡುಗಿ ಬಹಳ ಗೌರವದಿಂದ ಎದ್ದು ನಿಂತು, "ಆಂಟಿ, ಮೊಮ್ಮಗನಿಗಾ?" ಎಂದು ಕೇಳಿದಳು. "ಹೌದಮ್ಮ" ಎಂದೆ. ನನಗೆ ಮೊಮ್ಮಗನಿಲ್ಲ. ಇಲ್ಲದ ಮೊಮ್ಮಗನಿಗಾಗಿ ಒಂದು ಬ್ರೋಷರ್ ಇಸಿದುಕೊಂಡು ಹೊರಬಂದು, ಅದರಿಂದಲೇ ಗಾಳಿ ಹಾಕಿಕೊಳ್ಳುತ್ತ ಎದುರಿನ ಕಾಲೇಜಿನ ಗೇಟಿನ ನೆರಳಿನಲ್ಲಿ ನಿಂತೆ. ಅಲ್ಲಿ ಒಂದು ಬಟ್ಟೆಯ ಬ್ಯಾನರ್ ಇತ್ತು. ಎನ್ವಿರಾನ್ಮೆಂಟ್ ಅಂಡ್ ಹೆಲ್ತ್, ಒಂದು ವರ್ಷದ ಪೋಸ್ಟ್ ಗ್ರಾಜುಯೇಟ್ ಕೋರ್ಸ್, ಸಂಜೆ ತರಗತಿಗಳು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ: ನೋ ಏಜ್ ಲಿಮಿಟ್. ಪರಿಸರವೂ ಅಲ್ಲ, ಆರೋಗ್ಯವೂ ಅಲ್ಲ, ಆ ಮೂರು ಶಬ್ದಗಳೇ ನನ್ನನ್ನು ಒಳಗೆ ಕರೆದವು. ಮದುವೆಗೆ ಮೊದಲು ಬಾಟನಿಯಲ್ಲಿ ಬಿ.ಎಸ್ಸಿ. ಮಾಡಿದ್ದ ನನ್ನ ಸರ್ಟಿಫಿಕೇಟ್ ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ, ನುಸಿಗುಳಿಗೆಗಳ ನಡುವೆ ಭದ್ರವಾಗಿತ್ತು. ಆ ನುಸಿಗುಳಿಗೆ ಆರೋಗ್ಯಕ್ಕೆ ಹಾನಿಕರವೆಂದು ಮುಂದೆ ಅದೇ ಕೋರ್ಸಿನಲ್ಲಿ ಕಲಿತೆ. ಅಂದರೆ ನನ್ನ ಅರ್ಹತೆಯೇ ಒಂದು ಹೆಲ್ತ್ ಹಜಾರ್ಡ್ ಆಗಿತ್ತು.

ನಮ್ಮವರು ರೈಲ್ವೆಯಲ್ಲಿ ಎಂಜಿನ್ ಇನ್‌ಸ್ಪೆಕ್ಟರ್ ಆಗಿ ರಿಟೈರ್ ಆದವರು, ಮೂಲತಃ ಧಾರವಾಡದವರು. ಸುದ್ದಿ ಕೇಳಿ ಪೇಪರ್ ಕೆಳಗಿಳಿಸದೆ ಹೇಳಿದರು: "ಆರೋಗ್ಯದ ಬಗ್ಗೆ ಕಲೀಲಿಕ್ಕೆ ಕಾಲೇಜ್ ಯಾಕ ಬೇಕು? ನನ್ನ ಬಾಜೂಕ ಕೂಡು. ಎಲ್ಲೆಲ್ಲಿ ನೋಯ್ತದ ಒಂದೊಂದಾಗಿ ಹೇಳ್ತೀನಿ. ವರ್ಷ ಸಾಕಾಗೂದಿಲ್ಲ."

ತರಗತಿಯಲ್ಲಿ ನನಗಾದ ಗೊಂದಲವನ್ನು ಹೇಗೆ ವಿವರಿಸಲಿ? ಬಾಟನಿಯಲ್ಲಿ ಎಲೆಯೆಂದರೆ ಎಲೆ, ಬೇರೆಂದರೆ ಬೇರು. ಇಲ್ಲಿ ಯಾವುದೂ ತನ್ನಷ್ಟಕ್ಕೆ ತಾನಿರಲಿಲ್ಲ. ನಮ್ಮ ವಸುಧಾ ಮೇಡಂ ಅಮೆರಿಕದಲ್ಲಿ ಓದಿ ಬಂದವರು, ನನಗಿಂತ ಹತ್ತಿಪ್ಪತ್ತು ವರ್ಷ ಚಿಕ್ಕವರು, ಚುರುಕು ಕಣ್ಣಿನ ತೆಲುಗು ಹೆಂಗಸು. ಬೋರ್ಡಿನ ಮೇಲೆ ಒಂದು ಮೂಲೆಯಲ್ಲಿ 'ಕೆರೆ' ಎಂದು ಬರೆದು ಬಾಣ ಎಳೆಯುತ್ತಿದ್ದರು. ಕೆರೆಯಿಂದ ಸೊಳ್ಳೆಗೆ, ಸೊಳ್ಳೆಯಿಂದ ಜ್ವರಕ್ಕೆ, ಜ್ವರದಿಂದ ಕೂಲಿಗೆ, ಕೂಲಿಯಿಂದ ಅಪಾರ್ಟ್‌ಮೆಂಟಿಗೆ, ಅಪಾರ್ಟ್‌ಮೆಂಟಿನಿಂದ ಮತ್ತೆ ಕೆರೆಗೆ. ಗಂಟೆ ಬಾರಿಸುವ ಹೊತ್ತಿಗೆ ಬೋರ್ಡು ನಮ್ಮಮ್ಮ ಹಾಕುತ್ತಿದ್ದ ಚುಕ್ಕಿ ರಂಗೋಲಿಯಂತಾಗಿರುತ್ತಿತ್ತು; ಎಲ್ಲಿಂದ ಶುರುವಾಯಿತೆಂದು ಮೇಡಂಗೂ ತಿಳಿಯುತ್ತಿರಲಿಲ್ಲ. "ಎವ್ರಿಥಿಂಗ್ ಈಸ್ ಕನೆಕ್ಟೆಡ್ ಟು ಎವ್ರಿಥಿಂಗ್!" ಎಂದು ಸೀಮೆಸುಣ್ಣದ ಕೈ ಕೊಡವಿಕೊಂಡು ಹೋಗುತ್ತಿದ್ದರು. ನಾನು ಮನೆಗೆ ಬಂದು ಗ್ಯಾಸ್ ಹಚ್ಚುವಾಗಲೂ ಹೆದರುತ್ತಿದ್ದೆ, ಇದರ ಬಾಣ ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂದು.

ಪುಣ್ಯಕ್ಕೆ ನನ್ನ ಪಕ್ಕದಲ್ಲಿ ರಾಫಿಯಾ ಕೂರುತ್ತಿದ್ದಳು. ಮೊದಲ ದಿನವೇ ನನ್ನ ಪೆನ್ನು ಕೆಳಗೆ ಬಿದ್ದಾಗ ಎತ್ತಿಕೊಟ್ಟು ಪಿಸುಗುಟ್ಟಿದ್ದಳು: "ಆಂಟಿ, ನೀವು ಕನ್ನಡದವ್ರೇನ್ರಿ? ಪೆನ್ನು ಬಿದ್ದಾಗ 'ಅಯ್ಯೋ ಶಿವನೇ' ಅಂದ್ರಲ್ಲ, ಅದಕ್ಕ ಕೇಳಿದೆ." ಬೀದರಿನ ಹುಡುಗಿ. ಮನೆಯವರೆಲ್ಲ ಮೆಹದಿಪಟ್ನಕ್ಕೆ ಬಂದು ನೆಲೆಸಿದ್ದರು. ಅಮ್ಮಿಯೊಡನೆ ದಖ್ಖನಿ, ಬಸ್ಸಿನಲ್ಲಿ ತೆಲುಗು, ಮೇಡಂ ಹತ್ತಿರ ಇಂಗ್ಲಿಷ್, ನನ್ನ ಹತ್ತಿರ ಬೀದರ್ ಕನ್ನಡ. ನಾನು ಬರೆಯುವುದರಲ್ಲಿ ಹಿಂದೆ ಬಿದ್ದರೆ ತನ್ನ ನೋಟ್ಸನ್ನು ಸದ್ದಿಲ್ಲದೆ ನನ್ನ ಕಡೆ ಸರಿಸುತ್ತಿದ್ದಳು. ಹಳ್ಳಿಗಳಿಗೆ ವ್ಯಾನಿನಲ್ಲಿ ಹೋಗಿ ಔಷಧಿ ಕೊಡುವ ಒಂದು ಸಂಚಾರಿ ಕ್ಲಿನಿಕ್ಕಿನಲ್ಲಿ ಅವಳಿಗೆ ಕೆಲಸ ಗೊತ್ತಾಗಿತ್ತು. ಈ ವರ್ಷ ಪಾಸಾದರೆ ಕೆಲಸ, ಇಲ್ಲವಾದರೆ ಅದು ಬೇರೆಯವರಿಗೆ. ನಮ್ಮಲ್ಲಿ ಉಳಿದವರೆಲ್ಲ ಯಾಕೆ ಓದುತ್ತಿದ್ದೆವೋ ನಮಗೇ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು. ಹಿಂದಿನ ಬೆಂಚಿನ ಕಾರ್ತಿಕ್ ಮೈಸೂರಿನವನು, ಬೇಗಂಪೇಟೆಯಲ್ಲಿ ರೂಮು, ಸಾಫ್ಟ್‌ವೇರ್ ಕಂಪನಿಯಲ್ಲಿ ರಾತ್ರಿ ಪಾಳಿ. ಅವನನ್ನು ಕೇಳಿದರೆ, "ಸುಮ್ನೆ ಆಂಟಿ, ಸಂಜೆ ಹೊತ್ತಾದ್ರೂ ಮನುಷ್ಯರ ಮುಖ ನೋಡ್ಬೇಕು ಅನ್ನಿಸ್ತು" ಎನ್ನುತ್ತಿದ್ದ. ಇನ್ನೊಬ್ಬಳು ಶ್ರೀಲತಾ, ಮಾದಾಪುರದ ಸೊಸೆ, ಅತ್ತೆಮನೆಯಿಂದ ಸಂಜೆ ಹೊರಬೀಳಲು ಇದಕ್ಕಿಂತ ಗೌರವದ ದಾರಿ ಸಿಕ್ಕಿರಲಿಲ್ಲ.

ಇನ್ನು ಮಷೀನಿನ ವಿಷಯ. ದಸರಾಕ್ಕೆ ಸ್ವಲ್ಪ ಮೊದಲು ಮೇಡಂ ನಮ್ಮ ನಾಲ್ವರಿಗೂ ಒಂದೊಂದು ಯಂತ್ರ ಕೊಟ್ಟರು. ಅಂಥದೇ ಐದನೆಯದನ್ನು ಕಾಲೇಜಿನ ತಾರಸಿಯ ಮೇಲಿಟ್ಟು ಅದರ ಜವಾಬ್ದಾರಿ ತಾವೇ ವಹಿಸಿಕೊಂಡರು. ನೋಡಲು ಸ್ಟೀಲಿನ ಟಿಫಿನ್ ಕ್ಯಾರಿಯರಿನಂತೆ. ತಲೆಯ ಮೇಲೆ ಸಣ್ಣ ಬಾಯಿ. ಆ ಬಾಯಿಂದ ಮನೆಯ ಗಾಳಿಯನ್ನು ಎಳೆದುಕೊಂಡು, ಅದರಲ್ಲಿ ಎಷ್ಟು ಧೂಳು, ಎಷ್ಟು ಹೊಗೆ ಎಂದು ಹಗಲೂ ರಾತ್ರಿ ಅಳೆದು ಹೊಟ್ಟೆಯಲ್ಲಿಟ್ಟುಕೊಳ್ಳುತ್ತಿತ್ತು. ಆಮೇಲೆ ಅದನ್ನು ಕಂಪ್ಯೂಟರಿಗೆ ಚುಚ್ಚಿದರೆ ಗ್ರಾಫ್ ಬರುತ್ತದೆ. ನಡುಮನೆಯಲ್ಲಿಡಿ, ಆಫ್ ಮಾಡಬೇಡಿ, ಮುಟ್ಟಬೇಡಿ, ಎಲ್ಲಕ್ಕಿಂತ ಮೊದಲು ಮ್ಯಾನ್ಯುಯಲ್ ಓದಿ, ಇಷ್ಟೇ ಸೂಚನೆ. ಮನೆಯೊಳಗಿನ ಗಾಳಿಯ ಪಾಠ ಮಾತ್ರ ಸಿಲಬಸ್ಸಿನಲ್ಲಿ ದಸರಾ ರಜೆಯ ನಂತರಕ್ಕಿತ್ತು. ಯಾಕೆ ಹಾಗೆ ಎಂದು ನಾನು ಕೈಯೆತ್ತಿ ಕೇಳಲಿಲ್ಲ.

ಮಷೀನು ನಮ್ಮ ಮನೆಗೆ ಬಂದು ಟಿ.ವಿ.ಯ ಪಕ್ಕದಲ್ಲಿ ಕೂತು ಸಣ್ಣಗೆ ಗೊಣಗಲು ಶುರುಮಾಡಿತು. "ನನ್ನ ಜೋಡಿಗೆ ಒಬ್ಬ ಸಿಕ್ಕ ನೋಡು" ಎಂದರು ನಮ್ಮವರು. ಮ್ಯಾನ್ಯುಯಲ್ ದಪ್ಪಗಿತ್ತು. ಇಂಗ್ಲಿಷ್ ಎಂದರೆ ನನಗೆ ಭಯವಿಲ್ಲ, ಆದರೆ ನಾಳೆ ಓದಿದರಾಯಿತು ಎಂಬ ರೋಗ ಕಾನ್ವೆಂಟಿನಿಂದಲೂ ವಾಸಿಯಾಗಿರಲಿಲ್ಲ. ಅಷ್ಟರಲ್ಲಿ ಮೂಲಾ ನಕ್ಷತ್ರ ಬಂತು, ಸರಸ್ವತಿ ಪೂಜೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಮನೆಯಲ್ಲಿ ಪ್ರತಿವರ್ಷ ಮಣೆಯ ಮೇಲೆ ಪುಸ್ತಕ ಪೇರಿಸಿ ರೇಷ್ಮೆ ವಸ್ತ್ರ ಹೊದಿಸಿ ಸರಸ್ವತಿಯನ್ನು ಕೂರಿಸುವವಳು ನಾನೇ. ಮೊದಮೊದಲು ನಾದಿನಿಯರ ಪುಸ್ತಕ, ಆಮೇಲೆ ಮಗಳ ಪುಸ್ತಕ. ಮಗಳ ಓದು ಮುಗಿದು ಮದುವೆಯಾದ ಮೇಲೆ ರೈಲ್ವೆ ಟೈಮ್‌ಟೇಬಲ್ಲು, ಒಂದು ಡಿಕ್ಷನರಿ, ಹಳೆಯ ಪಂಚಾಂಗ. ಟೈಮ್‌ಟೇಬಲ್ಲಿನ ಮೇಲೆ ಸರಸ್ವತಿಯನ್ನು ಕೂರಿಸುವಾಗ ನನಗೆ ಯಾವಾಗಲೂ ಅವಳ ಮುಖ ನೋಡಲು ಸಂಕೋಚವಾಗುತ್ತಿತ್ತು. ಆ ವರ್ಷ ಮಾತ್ರ, ಮದುವೆಯಾಗಿ ಬಂದ ಮೇಲೆ ಮೊದಲ ಸಲ, ನನ್ನ ಪುಸ್ತಕಗಳು. ನನ್ನ ಹೆಸರು ಬರೆದ ನೋಟ್ಸು, ಕಾಲೇಜು ಲೈಬ್ರರಿಯ ಎರಡು ಟೆಕ್ಸ್ಟ್‌ಬುಕ್ಕು. ಪೇರಿಸಿದರೆ ಅಡಿಪಾಯ ಸ್ವಲ್ಪ ಓರೆಯಾಯಿತು. ದಪ್ಪಗಿನದೊಂದು ಬೇಕೆಂದು ಮ್ಯಾನ್ಯುಯಲ್ಲನ್ನು ಎಲ್ಲಕ್ಕಿಂತ ಕೆಳಗಿಟ್ಟೆ. ಕುಂಕುಮ ಏರಿಸಿದಾಗ ಕಣ್ಣು ತುಂಬಿಬಂತು. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ತೆರೆಯುವಂತಿಲ್ಲ, ಒಂದಕ್ಷರ ಓದುವಂತಿಲ್ಲ. ಬಾಲ್ಯದಲ್ಲಿ ನಮಗೆ ಅತ್ಯಂತ ಪ್ರಿಯವಾಗಿದ್ದ ಶಾಸ್ತ್ರ ಅದೊಂದೇ.

ಹಿಂದೆಯೇ ಆಯುಧಪೂಜೆ. ಅಂದು ಸೋಮವಾರ. ನಮ್ಮವರು ಬೆಳಿಗ್ಗೆಯೇ ತಮ್ಮ ಹಳೆಯ ಸ್ಪ್ಯಾನರು, ಇನ್‌ಸ್ಪೆಕ್ಷನ್ ಟಾರ್ಚು, ಸ್ಕೂಟರು, ನನ್ನ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಈಳಿಗೆಮಣೆ ಎಲ್ಲ ತೊಳೆದು ಸಾಲಾಗಿ ನಡುಮನೆಯಲ್ಲಿಟ್ಟು ರಾಹುಕಾಲ ಮುಗಿಯುವುದನ್ನು ಕಾಯುತ್ತಿದ್ದರು. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ. ಒಂಬತ್ತು ಹೊಡೆಯಿತು. ಒಂದೊಂದಕ್ಕೂ ಅರಿಶಿನ ಕುಂಕುಮ, ಹೂವು. ಸಾಲಿನ ಕೊನೆಯಲ್ಲಿ ಕಾಲೇಜಿನ ಮಷೀನು ಗೊಣಗುತ್ತ ಕೂತಿತ್ತು. ಮಿಕ್ಸಿಗೆ ಸೇವಂತಿಗೆ ಇಟ್ಟು, ದೂರದಿಂದ ಬಂದ ಅತಿಥಿಗೆ ಏನೂ ಇಡದಿದ್ದರೆ ಹೇಗೆ? ಮುಟ್ಟಬೇಡಿ ಎಂದಿದ್ದರು ನಿಜ. ಆದರೆ ಕುಂಕುಮವಿಡುವುದು ಮುಟ್ಟುವುದು ಹೇಗಾಗುತ್ತದೆ? ಉಂಗುರಬೆರಳಿನ ತುದಿಯಿಂದ ಒಂದು ಬೊಟ್ಟು, ಅಷ್ಟೇ. ಆಮೇಲೆ ಕೆಂಡದ ಧೂಪಾರತಿಗೆ ಸಾಂಬ್ರಾಣಿ ಸುರಿದು ಎಲ್ಲಕ್ಕೂ ಬೆಳಗಿದೆವು. ಅದಕ್ಕೆ ಬಾಯಿ ಇರುವುದರಿಂದ ಬಾಯಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು. ಗೊಣಗಾಟ ಜೋರಾಯಿತು, ಕೆಂಪು ದೀಪ ಮಿನುಗತೊಡಗಿತು. "ಖುಷಿ ಆಗ್ಯದ ಅದಕ್ಕ" ಎಂದರು ನಮ್ಮವರು. ಕೆಂಪು ದೀಪಕ್ಕೆ ಅರ್ಥವೇನೆಂದು ನೋಡೋಣವೆಂದರೆ ಮ್ಯಾನ್ಯುಯಲ್ ಸರಸ್ವತಿಯ ಕೆಳಗಿತ್ತು.

ಕಾನ್ವೆಂಟಿನಲ್ಲಿ ಓದಿ, ಸೈನ್ಸ್ ಮಾಡಿ, ಹೀಗೆ ಮಾಡಿದಿರಾ ಎಂದು ನೀವು ಕೇಳಬಹುದು. ನಮ್ಮ ಮದರ್ ಕೂಡ ಸ್ಕೂಲಿಗೆ ಹೊಸ ಬಸ್ ಬಂದಾಗ ಪಾದ್ರಿಗಳನ್ನು ಕರೆಸಿ ಅದರ ಬಾನೆಟ್ಟಿನ ಮೇಲೆ ತೀರ್ಥ ಚಿಮುಕಿಸಿದ್ದರು. ಅದೇ ಬಸ್ಸಿಗೆ ಡ್ರೈವರ್ ಹಿಂದಿನಿಂದ ಹೋಗಿ ನಿಂಬೆಹಣ್ಣು ಕಟ್ಟಿದ್ದ. ಮದರ್ ನೋಡಿಯೂ ನೋಡದಂತೆ ನೆಟ್ಟಗೆ ನಡೆದುಹೋಗಿದ್ದರು. ಯಂತ್ರಕ್ಕೆ ಆಶೀರ್ವಾದ ಬೇಡವೆಂದವರನ್ನು ನಾನಂತೂ ಈ ಊರಿನಲ್ಲಿ ಕಂಡಿಲ್ಲ.

ರಜೆ ಮುಗಿದು ಮಷೀನುಗಳನ್ನು ಒಪ್ಪಿಸುವ ಮುಂಚೆ ಕುಂಕುಮವನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಮೇಡಂ ಒಂದೊಂದರ ಗ್ರಾಫನ್ನೂ ಗೋಡೆಯ ಮೇಲೆ ಮೂಡಿಸಿದರು. ನನ್ನದು ಮೊದಲು. ಹಬ್ಬದ ಸೋಮವಾರ ಬೆಳಿಗ್ಗೆ ಒಂಬತ್ತು ದಾಟುತ್ತಿದ್ದಂತೆ ಗೆರೆ ಗೋಪುರದ ಹಾಗೆ ನೆಟ್ಟಗೆ ಮೇಲೆದ್ದಿತ್ತು. ಇನ್ನೇನು ಎದ್ದು ಹೇಳಬೇಕು, ಅಷ್ಟರಲ್ಲಿ ಬೇಗಂಪೇಟೆಯ ಗ್ರಾಫ್ ಬಂತು. ಅಲ್ಲೂ ಗೋಪುರ. ಮಾದಾಪುರ, ಗೋಪುರ. ಕಾಲೇಜಿನ ತಾರಸಿ, ಅಲ್ಲಿ ಚಿಕ್ಕದೊಂದು ಗೋಪುರ. ಎಲ್ಲವೂ ಒಂದೇ ಹೊತ್ತಿಗೆ! "ಚೂಡಂಡಿ! ಲುಕ್ ಅಟ್ ದಿಸ್!" ಎಂದು ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. ಮರುವಾರದ ಹೊತ್ತಿಗೆ ಅವರ ಸಿದ್ಧಾಂತ ತಯಾರಾಗಿತ್ತು: ಹಬ್ಬದ ರಜೆಯಲ್ಲಿ ಬೇರೆ ಕಚೇರಿಗಳು ಮುಚ್ಚಿದ್ದರೂ ಸಾಫ್ಟ್‌ವೇರ್ ಕಂಪನಿಗಳು ಮುಚ್ಚುವುದಿಲ್ಲ, ಏಕೆಂದರೆ ಅಮೆರಿಕಕ್ಕೆ ಆಯುಧಪೂಜೆಯಿಲ್ಲ, ಅವರ ಕ್ಯಾಬುಗಳೆಲ್ಲ ಒಂಬತ್ತಕ್ಕೆ ಒಮ್ಮೆಲೇ ರಸ್ತೆಗಿಳಿದದ್ದೇ ಇದಕ್ಕೆ ಕಾರಣ. ವರ್ಷದ ಕೊನೆಯ ಸೆಮಿನಾರಿಗೆ 'ದಿ ನೈನ್ ಓ'ಕ್ಲಾಕ್ ಪ್ಲೂಮ್', ಅಂದರೆ ಒಂಬತ್ತು ಗಂಟೆಯ ಹೊಗೆ, ಎಂದು ಹೆಸರೂ ಇಟ್ಟರು.

ನನ್ನ ಗೊಂದಲವನ್ನು ಈಗ ಊಹಿಸಿಕೊಳ್ಳಿ. ನನ್ನ ಮನೆಯದು ಸಾಂಬ್ರಾಣಿ, ಅದು ನನಗೆ ಗೊತ್ತು. ಆದರೆ ಉಳಿದವರದು? ಅವರೆಲ್ಲ ಸೈನ್ಸಿನವರು, ಅವರದು ಅಸಲಿ ಹೊಗೆಯೇ ಇರಬೇಕು. ಹಾಗಿದ್ದರೆ ನನ್ನಲ್ಲೂ ಕ್ಯಾಬುಗಳ ಹೊಗೆ ಬಂದಿದ್ದು, ಅದೇ ಹೊತ್ತಿಗೆ ಸಾಂಬ್ರಾಣಿಯೂ ಬಿತ್ತೇ? ಅಥವಾ, ದೇವರೇ, ನನ್ನ ಸಾಂಬ್ರಾಣಿಯೇ ಬೇಗಂಪೇಟೆಯವರೆಗೆ ಹೋಯಿತೇ? ಎವ್ರಿಥಿಂಗ್ ಈಸ್ ಕನೆಕ್ಟೆಡ್. ಅಂದು ಗಾಳಿ ಯಾವ ಕಡೆಗೆ ಬೀಸುತ್ತಿತ್ತೆಂದು ನೆನಪಿಸಿಕೊಳ್ಳಲು, ತಂತಿಯ ಮೇಲೆ ಒಣಗಹಾಕಿದ್ದ ಪಂಚೆ ಯಾವ ಕಡೆಗೆ ಹಾರಿ ಬಿದ್ದಿತ್ತೆಂದು ನಮ್ಮವರನ್ನು ಕೇಳಿದೆ. ಅವರು ನನ್ನ ಹಣೆ ಮುಟ್ಟಿ ನೋಡಿದರು.

ಅಂದು ತರಗತಿಯಲ್ಲಿ ಎಲ್ಲಕ್ಕಿಂತ ಕೊನೆಗೆ ರಾಫಿಯಾಳ ಗ್ರಾಫ್ ಬಂದಿತ್ತು. ಅದರಲ್ಲಿ ಗೋಪುರವೇ ಇಲ್ಲ. ಮಲಗಿದ ಎಮ್ಮೆಯ ಬೆನ್ನಿನಂತೆ ಮೆತ್ತಗೆ ಏರಿ ಮೆತ್ತಗೆ ಇಳಿದಿತ್ತು, ಅಷ್ಟೇ. ಮೆಹದಿಪಟ್ನದಷ್ಟು ಗಿಜಿಗುಡುವ ಜಾಗದಲ್ಲಿ ಕ್ಯಾಬು ಓಡಾಡಲಿಲ್ಲವೇ? ಮಷೀನು ಕೆಟ್ಟಿದೆ ಎಂದರು ಮೇಡಂ. ಸರ್ವಿಸಿಗೆ ಕಳಿಸಿದರು. ಸರ್ವಿಸಿನವನು ಬಿಚ್ಚಿ, ಜೋಡಿಸಿ, "ಮಷೀನ್ ಏಕ್‌ದಂ ಠೀಕ್ ಹೈ" ಎಂದು ವಾಪಸು ಕೊಟ್ಟ. ಅದೇ ಅವಳಿಗೆ ಮುಳುವಾಯಿತು. ಮಷೀನು ಸರಿಯಿದ್ದರೆ ತಪ್ಪು ಹುಡುಗಿಯದು! ಆಫ್ ಮಾಡಿರಬೇಕು, ಇಲ್ಲವೇ ಗೊಣಗಾಟ ತಾಳಲಾರದೆ ಬಟ್ಟೆ ಮುಚ್ಚಿರಬೇಕು. "ಫೀಲ್ಡ್ ವರ್ಕಿಗೆ ಮಾರ್ಕ್ಸ್ ಕೊಡೋಕಾಗಲ್ಲ ರಾಫಿಯಾ. ಎಕ್ಸ್‌ಟರ್ನಲ್ ಎಕ್ಸಾಮಿನರ್ ಒಪ್ಪಿದರೆ ಸರಿ, ಇಲ್ಲವಾದರೆ ಮುಂದಿನ ವರ್ಷ ರಿಪೀಟ್" ಎಂದರು, ಕೆಟ್ಟ ಮನಸ್ಸಿನಿಂದಲ್ಲ, ಬೇಸರದಿಂದಲೇ.

ಆ ಸಂಜೆ ಅವಳನ್ನು ಒಂದು ಇರಾನಿ ಹೋಟೆಲಿನ ಫ್ಯಾಮಿಲಿ ರೂಮಿಗೆ ಕರೆದುಕೊಂಡು ಹೋದೆ. ಅಳುತ್ತಾಳೆಂದುಕೊಂಡು ಕರ್ಚೀಫು ತಯಾರಿಟ್ಟುಕೊಂಡಿದ್ದೆ. ಅವಳು ಅಳಲಿಲ್ಲ, ಚಹಾ ಆರುವುದನ್ನು ನೋಡುತ್ತ ಕೂತಳು.

"ನಾ ಅದನ್ನ ಮುಟ್ಟೇ ಇಲ್ರಿ ಆಂಟಿ. ಮುಟ್ಟಬ್ಯಾಡ ಅಂದಿದ್ರು, ಅದಕ್ಕ ಮುಟ್ಟಿಲ್ಲ. ನಮ್ಮ ಅಮ್ಮಿ ಅದರ ಮ್ಯಾಲಿನ ಧೂಳಾ ಒರಸಾಕ ಬಂದ್ರೂ ಬಿಟ್ಟಿಲ್ಲ."

"ಗೊತ್ತು ಕಣೆ."

"ನಿಮಗ ಹ್ಯಾಂಗ ಗೊತ್ತು?" ಎಂದು ಸಣ್ಣಗೆ ನಕ್ಕಳು. "ಕ್ಲಿನಿಕ್ಕಿನ್ಯಾಗ ನನ್ನ ವ್ಯಾನಿನ ನಂಬರ್ ಸೈತ ಹೇಳ್ಯಾರ್ರಿ. ಮುಟ್ಟಲಾರದವ್ರನ್ನ ಫೇಲ್ ಮಾಡ್ತಾರಂದ್ರ, ಮುಟ್ಟಿದವ್ರಿಗೆ ಫಸ್ಟ್ ಕ್ಲಾಸ್ ಕೊಡ್ತಾರೇನು ಮತ್ತ?"

ನನ್ನ ಕೈಯಲ್ಲಿದ್ದ ಉಸ್ಮಾನಿಯಾ ಬಿಸ್ಕತ್ತು ಚಹಾದೊಳಗೆ ಮುರಿದು ಮುಳುಗಿಹೋಯಿತು. ಅದನ್ನು ಚಮಚದಿಂದ ಹುಡುಕುವ ನೆಪದಲ್ಲಿ ಬಹಳ ಹೊತ್ತು ತಲೆ ತಗ್ಗಿಸಿಕೊಂಡಿದ್ದೆ. ನನ್ನ ಗೋಪುರಕ್ಕೆ ಮೇಡಂ ಆಗಲೇ 'ಎಕ್ಸಲೆಂಟ್ ಡೇಟಾ' ಎಂದು ಬರೆದಿದ್ದರು.

ಮನೆಗೆ ಬಂದು ನಮ್ಮವರಿಗೆ ಎಲ್ಲ ಹೇಳಿದೆ. ಅವರು ಈ ಸಲ ಪೇಪರ್ ಕೆಳಗಿಳಿಸಿದರು.

"ಉಳಿದವ್ರ ಮನ್ಯಾಗ ದಸರಾ ಇರಲಿಲ್ಲೇನು?"

"ಇರದೇ ಏನು! ಆದರೆ ಅವರು ಸೈಂಟಿಫಿಕ್ ಮೈಂಡ್ ಇರುವವರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್."

"ಮತ್ತ ನೀ ಏನು?"

"ನಾನು ಬಿ.ಎಸ್ಸಿ."

"ನಾ ನಲವತ್ತು ವರ್ಷ ಎಂಜಿನ್ ನೋಡಿದಾಂವ. ಆಯುಧಪೂಜಾ ದಿನ ಟೆಂಗಿನಕಾಯಿ ಒಡೀಲಾರದ ಯಾವ ಎಂಜಿನೂ ಶೆಡ್ ಬಿಟ್ಟು ಹೊರಗ ಬಂದಿಲ್ಲ. ಇಂಗ್ಲಿಷ್ ಸಾಹೇಬ್ರ ಕಾಲಕ್ಕೂ ಬಂದಿಲ್ಲಂತ. ಈ ಹೈದರಾಬಾದಿನ್ಯಾಗ ಪೂಜಾ ಮಾಡಾಕಿ ನೀ ಒಬ್ಬಾಕೀನ ಅಂತ ತಿಳಕೊಂಡೀಯೇನು?" ಎಂದು ಮತ್ತೆ ಪೇಪರ್ ಮೇಲೆತ್ತಿದರು.

ನನಗೆ ಅರ್ಧ ಹೊಳೆಯಿತು. ಪೂರ್ತಿ ಹೊಳೆಯಲು ವೈವಾ ಪರೀಕ್ಷೆಯ ದಿನದವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಕಾರ್ತಿಕನ ಬಾಯಿಬಿಡಿಸಲು ನೋಡಿದೆ. "ಹಬ್ಬದ ದಿನ ರೂಮಿನಲ್ಲಿ ಏನು ಮಾಡಿದಿರಪ್ಪ?" ಎಂದರೆ ಅವನು ಕೆಂಪಗಾಗಿ, "ಏನಿಲ್ಲ ಆಂಟಿ, ಮಲಗಿದ್ವಿ" ಎಂದು ಶೂಲೇಸು ಕಟ್ಟಿಕೊಳ್ಳತೊಡಗಿದ. ಅವನ ಕಾಲಲ್ಲಿದ್ದುದು ಚಪ್ಪಲಿ. ಆದರೂ ನನಗೆ ತಿಳಿಯಲಿಲ್ಲ ನೋಡಿ!

ಎಕ್ಸ್‌ಟರ್ನಲ್ ಎಕ್ಸಾಮಿನರ್ ತೆಳ್ಳನೆಯ ಹಿರಿಯರು, ಬೇರೆ ಊರಿನಿಂದ ಬಂದವರು. ಮಾತು ಕಡಿಮೆ, ಹುಬ್ಬು ದಪ್ಪ. ನಮ್ಮೆಲ್ಲರನ್ನೂ ಒಟ್ಟಿಗೆ ಕೂರಿಸಿಕೊಂಡು ಐದು ಗ್ರಾಫುಗಳನ್ನೂ ಮೇಜಿನ ಮೇಲೆ ಹರಡಿದರು. ಮೇಡಂ ತಮ್ಮ ಪ್ಲೂಮಿನ ಕಥೆ ಹೇಳಿದರು. ರಾಫಿಯಾ ತುದಿಯ ಕುರ್ಚಿಯಲ್ಲಿ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದಳು. ನಾನು ಹಿಂದಿನ ದಿನವೆಲ್ಲ ಇಂಗ್ಲಿಷಿನಲ್ಲಿ ಒಂದು ತಪ್ಪೊಪ್ಪಿಗೆ ತಯಾರು ಮಾಡಿದ್ದೆ. ಮದರ್ ಮೆಚ್ಚುವಂಥದ್ದು, ಸೆಮಿಕೋಲನ್ನುಗಳಿದ್ದದ್ದು. ಅದನ್ನು ಎಲ್ಲಿ ಶುರುಮಾಡುವುದೆಂದು ತಿಳಿಯದೆ ತೊಡೆಯ ಮೇಲೆ ಕೈ ಕಟ್ಟಿಕೊಂಡಿದ್ದೆ.

"ಸಾಫ್ಟ್‌ವೇರ್ ಕ್ಯಾಬುಗಳು," ಎಂದರು ಎಕ್ಸಾಮಿನರ್, ನನ್ನ ಗ್ರಾಫನ್ನು ಎತ್ತಿ ಹಿಡಿದು. "ಮಲ್ಕಾಜ್‌ಗಿರಿಯಲ್ಲಿ ಸಾಫ್ಟ್‌ವೇರಿನವರು ಅಷ್ಟೊಂದು ಇದ್ದಾರೆಯೇ?"

"ಇಲ್ಲ ಸರ್, ರೈಲ್ವೆಯವರು" ಎಂದೆ.

"ಮತ್ತೆ ಐದರಲ್ಲಿ ನಾಲ್ಕು ಕಡೆ ಒಂಬತ್ತಕ್ಕೆ ಮುಂಚೆ ಏನೂ ಇಲ್ಲ. ಒಂಬತ್ತಾದ ಕೂಡಲೇ ಎಲ್ಲ. ಟ್ರಾಫಿಕ್ ಹಾಗಿರುವುದಿಲ್ಲ, ಅದು ನಿಧಾನವಾಗಿ ಏರುತ್ತದೆ. ಇದು ಯಾರೋ ಸೀಟಿ ಹೊಡೆದು ಶುರುಮಾಡಿದ ಹಾಗಿದೆ. ಈ ಊರಿನಲ್ಲಿ ಆ ಸೋಮವಾರ ಒಂಬತ್ತಕ್ಕೆ ಏನಾಯಿತು?"

ಕಾರ್ತಿಕ್ ಫ್ಯಾನ್ ನೋಡುತ್ತಿದ್ದ. ಶ್ರೀಲತಾ ಬಳೆ ಎಣಿಸುತ್ತಿದ್ದಳು. ಮೇಡಂ ಕೂಡ ಯಾಕೋ ಕಿಟಕಿಯ ಕಡೆ ತಿರುಗಿದ್ದರು. ನಾನು ಆ ಕೋರ್ಸಿನಲ್ಲಿ ಮೊಟ್ಟಮೊದಲ ಸಲ ಕೈಯೆತ್ತಿದೆ. ಸೆಮಿಕೋಲನ್ನುಗಳೆಲ್ಲ ಮರೆತುಹೋಗಿದ್ದವು.

"ಸರ್, ರಾಹುಕಾಲ ಮುಗೀತು."

"ಐ ಬೆಗ್ ಯುವರ್ ಪಾರ್ಡನ್?"

"ಸೋಮವಾರ ರಾಹುಕಾಲ ಒಂಬತ್ತಕ್ಕೆ ಮುಗಿಯುತ್ತೆ ಸರ್. ಅದು ಮುಗಿದ ಮೇಲೆ ನಾನು ಮಷೀನಿಗೆ ಪೂಜೆ ಮಾಡಿದೆ. ಸಾಂಬ್ರಾಣಿ ಹಾಕಿ. ಉಳಿದ ಕಡೆಯದು ನನಗೆ ಗೊತ್ತಿಲ್ಲ. ಆದರೆ ನನ್ನ ಗೋಪುರ ಕ್ಯಾಬುಗಳದಲ್ಲ, ದೇವರದು. ಮಾರ್ಕ್ಸ್ ತೆಗೆಯುವುದಿದ್ದರೆ ನನ್ನದು ತೆಗೀರಿ. ಈ ಹುಡುಗಿಯದು ಕೊಡಿ."

ಆಮೇಲೆ ಕಾರ್ತಿಕ್ ಕೆಮ್ಮಿದ. "ಸರ್, ನಮ್ಮ ರೂಮಲ್ಲಿ ಬೈಕ್‌ಗಳನ್ನ ಮೆಟ್ಟಿಲ ಮೇಲೆ ಹತ್ಸೋಕೆ ಆಗ್ಲಿಲ್ಲ. ಅದಕ್ಕೇ ಇದನ್ನ ಕೆಳಗೆ ಇಳಿಸಿಕೊಂಡು ಹೋಗಿ ಬೈಕ್ ಪಕ್ಕ ಇಟ್ವಿ. ಕರ್ಪೂರ, ಧೂಪ ಹಚ್ಚಿ ಬೂದುಗುಂಬಳಕಾಯಿ ಒಡೆದ್ವಿ. ಅಮ್ಮ ಫೋನಲ್ಲಿ ಹೇಳಿದ್ರು, ಒಂಬತ್ತಾದ್ಮೇಲೆ ಮಾಡ್ರೋ ಅಂತ." ಶ್ರೀಲತಾ, ತನ್ನ ಮಾವ ಹೊಸ ಕಾರಿನ ಪೂಜೆಗೆ ಕರೆಸಿದ್ದ ಪುರೋಹಿತರೇ ಇದಕ್ಕೂ ಒಂದು ಧೂಪ ತೋರಿಸಿದರೆಂದೂ, ತಾನು ಬೇಡವೆಂದರೆ ಮನೆಯಲ್ಲಿ ಜಗಳವಾಗುತ್ತಿತ್ತೆಂದೂ ಒಂದೇ ಉಸಿರಿನಲ್ಲಿ ಹೇಳಿದಳು. ಇಬ್ಬರೂ ನನ್ನಂತೆಯೇ ಎಣಿಸಿದ್ದರು: ತನ್ನದೊಂದೇ ಪೂಜೆಯ ಹೊಗೆ, ಉಳಿದವರದು ಸೈನ್ಸು.

ಎಕ್ಸಾಮಿನರರ ಹುಬ್ಬುಗಳು ನೆತ್ತಿಗೇರಿದ್ದವು. ಐದನೆಯ ಗ್ರಾಫನ್ನು ಎತ್ತಿಕೊಂಡು, "ಕಾಲೇಜಿನ ತಾರಸಿ. ರಜೆಯ ದಿನ ಬೀಗ ಹಾಕಿದ ಕಟ್ಟಡ. ಇಲ್ಲಿ ಯಾರು?" ಎಂದರು.

ವಸುಧಾ ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಇಂಗ್ಲಿಷಿನಲ್ಲಿ, ಬಹಳ ಮೆಲ್ಲಗೆ, "ಓನ್ಲಿ ಟೂ ಅಗರಬತ್ತೀಸ್, ಸರ್" ಎಂದರು. "ಬೀಗದ ಕೈ ನನ್ನ ಹತ್ತಿರವೇ ಇತ್ತು. ಎಲ್ಲ ಹೊಸ ಮಷೀನುಗಳು... ಏನೂ ಮಾಡದೆ ಬಿಡುವುದಕ್ಕೆ ಮನಸ್ಸು ಬರಲಿಲ್ಲ. ಎರಡು ಊದುಬತ್ತಿಯಿಂದ ಏನಾಗುತ್ತದೆ ಅಂದುಕೊಂಡೆ. ಎಲ್ಲರದ್ದೂ ಹಾಗೇ ಬಂದಾಗ, ನನ್ನದೂ ಅಸಲಿಯೇ ಇರಬೇಕು ಅಂದುಕೊಂಡೆ."

ಮೊದಲು ನಕ್ಕವಳು ರಾಫಿಯಾ. ತಡೆಯಲು ಹೋಗಿ, ದುಪಟ್ಟಾ ಬಾಯಿಗೆ ತುರುಕಿಕೊಂಡು, ಕೊನೆಗೆ ಮೇಜಿನ ಮೇಲೆ ತಲೆಯಿಟ್ಟು ಭುಜ ಕುಣಿಸುತ್ತ ನಕ್ಕಳು. ಎದ್ದಾಗ ಕಣ್ಣು ಒದ್ದೆಯಾಗಿತ್ತು. ಎಕ್ಸಾಮಿನರ್ ಅವಳ ಎಮ್ಮೆಯ ಬೆನ್ನನ್ನು ಎಲ್ಲರಿಗೂ ಕಾಣುವಂತೆ ಹಿಡಿದು, "ಹೈದರಾಬಾದಿನ ಗಾಳಿ ಇದೊಂದರಲ್ಲಿ ಮಾತ್ರ ಇದೆ" ಎಂದರು. ನಿಮ್ಮ ಮನೆಯಲ್ಲಿ ಏನೂ ಹಚ್ಚುವುದೇ ಇಲ್ಲವೇನಮ್ಮ ಎಂದು ಅವಳನ್ನು ಕೇಳಿದರು.

"ಹಚ್ತಾರೆ ಸರ್. ಗುರುವಾರ ಅಮ್ಮಿ ಲೋಬಾನ್ ಹಾಕ್ತಾರೆ, ಸಾಂಬ್ರಾಣಿ ಥರಾನೇ. ಹತ್ತಿರದಲ್ಲಿ ಏನೂ ಸುಡಬಾರದು ಅಂತ ಮ್ಯಾನ್ಯುಯಲ್ ಎರಡನೇ ಪೇಜಲ್ಲಿ ಇದೆ. ಅದಕ್ಕೆ ಅಮ್ಮಿಗೆ ಹೇಳಿ ಲೋಬಾನ್ ಮೆಟ್ಟಿಲ ಹತ್ತಿರ ಹಾಕಿಸಿದೆ. ಸ್ವಲ್ಪ ಬೈದರು."

ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು. "ಮೇಡಂ, ನೀವು ಎಲ್ಲರಿಗಿಂತ ಹಿರಿಯರು. ಎರಡನೇ ಪೇಜು. ನೀವು ಮ್ಯಾನ್ಯುಯಲ್ ಓದಲಿಲ್ಲವೇ?"

"ಅದು ಪೂಜೆಯಲ್ಲಿತ್ತು, ಸರ್" ಎಂದೆ.

ಆ ಮನುಷ್ಯ ಪೆನ್ನಿನ ಕ್ಯಾಪು ಹಾಕಿ, ತೆಗೆದು, ಮತ್ತೆ ಹಾಕಿದರು.

ರಾಫಿಯಾ ಎಲ್ಲರಿಗಿಂತ ಮೇಲೆ ಪಾಸಾದಳು. ಮೇಡಂ ಎಲ್ಲರೆದುರು ಅವಳ ಕೈ ಹಿಡಿದು ಸಾರಿ ಕೇಳಿದರು, ಪ್ಲೂಮನ್ನು ಬೀರುವಿನಲ್ಲಿಟ್ಟರು. ಉಳಿದ ನಮ್ಮನ್ನು ಮತ್ತೆ ಒಂದು ವಾರ ಮಷೀನು ಇರಿಸಿಕೊಂಡು, ಒಂದು ಊದುಬತ್ತಿಯನ್ನೂ ಹಚ್ಚದೆ ಅಳೆದು ಬರುವಂತೆ ಹೇಳಿ ತೇರ್ಗಡೆ ಮಾಡಿದರು. ಆ ವಾರವೆಲ್ಲ ನಮ್ಮ ದೇವರುಗಳು ಬರೀ ಹೂವಿನ ಮೇಲೆ ಕಾಲ ಹಾಕಿದರು. ನಾನು ಈಗ ಪರಿಸರ ಮತ್ತು ಆರೋಗ್ಯದ ಪೋಸ್ಟ್ ಗ್ರಾಜುಯೇಟ್. ಸರ್ಟಿಫಿಕೇಟನ್ನು ನುಸಿಗುಳಿಗೆಯಿಲ್ಲದೆ, ಬೇವಿನ ಎಲೆ ಹಾಕಿ ಇಟ್ಟಿದ್ದೇನೆ.

ಮರುವರ್ಷದ ಆಯುಧಪೂಜೆಯ ಬೆಳಿಗ್ಗೆ ರಾಫಿಯಾಳ ಫೋನ್ ಬಂತು. ಹಿಂದೆ ವ್ಯಾನಿನ ಹಾರ್ನು, ಜನರ ಗದ್ದಲ. "ಆಂಟಿ, ಆರಾಮದೀರೇನ್ರಿ? ನಮ್ಮ ಕ್ಲಿನಿಕ್ಕಿಗೆ ಹೊಸಾ ಮಷೀನ್ ಬಂದೈತ್ರಿ, ಮಕ್ಕಳ ಉಸಿರಾಟ ನೋಡೂದು. ಡ್ರೈವರ್ ಮಲ್ಲಪ್ಪ ಅದಕ್ಕ ಪೂಜಾ ಮಾಡೇ ಸೈ ಅಂತ ಟೆಂಗಿನಕಾಯಿ ಹಿಡ್ಕೊಂಡು ನಿಂತಾನ. ಬ್ಯಾಡ ಅಂದ್ರ ಮಾರಿ ಸಣ್ಣದು ಮಾಡ್ತಾನ. ಇದರಾಗ ನೀವ ಎಕ್ಸ್‌ಪರ್ಟ್. ಏನ್ ಮಾಡ್ಲಿ ಹೇಳ್ರಿ."

ನನ್ನನ್ನು ಯಾರಾದರೂ ಎಕ್ಸ್‌ಪರ್ಟ್ ಎಂದದ್ದು ಅದೇ ಮೊದಲು. ಗಂಟಲು ಸರಿಪಡಿಸಿಕೊಂಡು, ಮಷೀನನ್ನು ಮೊದಲು ಆಫ್ ಮಾಡು, ಕುಂಕುಮವನ್ನು ಅದು ಬಂದ ಡಬ್ಬಕ್ಕಿಡು, ಧೂಪ ವ್ಯಾನಿನ ಹೊರಗೆ ಎಂದೆ. "ರಾಹುಕಾಲ ನೋಡಿಕೋ" ಎಂದೂ ಸೇರಿಸಿದೆ. "ಆಮ್ಯಾಗ ಎಷ್ಟೊತ್ತು ಬಿಟ್ಟು ಆನ್ ಮಾಡ್ಬೇಕ್ರಿ? ಕ್ಲಾಸಿನ್ಯಾಗ ಹೇಳಿದ್ರಲ್ಲ, ನನ್ನ ನೋಟ್ಸ್ ಮನ್ಯಾಗ ಅದಾವ. ನಿಮ್ಮದ್ರಾಗ ನೋಡಿ ಹೇಳ್ರಿ" ಎಂದಳು. ತಾಳು ಎಂದು ರಿಸೀವರ್ ಕೆಳಗಿಟ್ಟು ನೋಟ್ಸಿಗಾಗಿ ದೇವರ ಮನೆಯವರೆಗೆ ನೆಟ್ಟಗೆ ನಡೆದುಹೋದೆ. ಅಲ್ಲಿ ಮಣೆಯ ಮೇಲೆ, ರೇಷ್ಮೆ ವಸ್ತ್ರದ ಕೆಳಗೆ ಪೇರಿಸಿಟ್ಟಿದ್ದ ಪುಸ್ತಕಗಳನ್ನು ನಿಂತು ನೋಡಿದೆ. ಮೆಲ್ಲಗೆ ವಾಪಸು ಬಂದು, "ನಾಳೆ ಫೋನ್ ಮಾಡೇ ರಾಫಿಯಾ" ಎಂದೆ.